ಮನೆಯ ಗ್ರಂಥಭಂಡಾರವೂ ದೂರದ ವಾಚಕನೂ

ಗ್ರಂಥಸಂಗ್ರಹವುಳ್ಳವನಿಗೆ ಪ್ರವಾಸವೆಂಬುದು ಒಂದು ಬಗೆಯ ವಿಯೋಗವೇ ಸರಿ. ಬಂಧುಗಳನ್ನು ಜೊತೆಯಲ್ಲಿ ಕರೆದೊಯ್ಯಬಹುದು, ಕಪಾಟುಗಳನ್ನು ಒಯ್ಯಲಾಗದು. ಪುಸ್ತಕವು ಮನೆಯಲ್ಲಿ ಉಳಿಯುತ್ತದೆ, ಅದು ಬೇಕಾದ ಪ್ರಸಂಗವು ಪರಸ್ಥಳದಲ್ಲಿ ಒದಗುತ್ತದೆ. ಈ ತೊಂದರೆ ಬಹು ಪ್ರಾಚೀನವಾದುದು, ಇದಕ್ಕೆ ಪರಿಹಾರ ದೊರೆತುದಾದರೋ ತೀರ ಈಚೆಗೆ. ಇಂದು ವಾಚಕನೊಬ್ಬನು ತನ್ನ ಇ-ಪುಸ್ತಕಗಳನ್ನೆಲ್ಲ ‘ಕ್ಲೌಡ್’ ಎನ್ನಲಾಗುವ ದೂರಸಂಗ್ರಹದಲ್ಲಿರಿಸಿ, ಯಾವ ಊರಿನಲ್ಲಿದ್ದರೂ ಕೈಯಲ್ಲಿನ ಫೋನಿನಿಂದಲೇ ತೆರೆದು ಓದಬಲ್ಲನು. ಈ ಸೌಕರ್ಯವು ಹೇಗೆ ಬಂದಿತು, ಬರುವಾಗ ತನ್ನೊಡನೆ ಯಾವ ಪ್ರಶ್ನೆಯನ್ನು ತಂದಿತು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಹತ್ತನೆಯ ಶತಮಾನದಲ್ಲಿ ಪರ್ಷಿಯಾದ ರಯ್ ನಗರದಲ್ಲಿ ಸಾಹಿಬ್ ಇಬ್ನ್ ಅಬ್ಬಾದ್ ಎಂಬ ವಿದ್ವಾಂಸ ಮಂತ್ರಿಯಿದ್ದನು. ಬೇರೊಬ್ಬ ಅರಸನು ತನ್ನ ಆಸ್ಥಾನಕ್ಕೆ ಆಹ್ವಾನಿಸಿದಾಗ, ತನ್ನ ಪುಸ್ತಕಗಳನ್ನು ಹೊರಲು ನಾನೂರು ಒಂಟೆಗಳು ಬೇಕಾಗುವುವೆಂದು ಹೇಳಿ ಆತನು ಹೋಗಲೊಪ್ಪಲಿಲ್ಲವೆಂಬ ಐತಿಹ್ಯವಿದೆ. ಸಂಖ್ಯೆಯಲ್ಲಿ ಅತಿಶಯೋಕ್ತಿಯಿದ್ದರೂ ಇರಬಹುದು, ಅದರ ಹಿಂದಿನ ಸಂಕಟವು ಸತ್ಯವಾದುದು. 1808ರಲ್ಲಿ ಫ್ರಾನ್ಸಿನ ಚಕ್ರವರ್ತಿ ನೆಪೋಲಿಯನ್ನನು ದಂಡಯಾತ್ರೆಯಲ್ಲಿ ಜೊತೆಗಿರಿಸಿಕೊಳ್ಳುವುದಕ್ಕಾಗಿ, ಅಂಚು ಬಿಡದೆ ಚಿಕ್ಕ ಆಕಾರದಲ್ಲಿ ಅಚ್ಚಾದ ಸಾವಿರ ಸಂಪುಟಗಳ ಭಂಡಾರವೊಂದನ್ನು ಸಿದ್ಧಪಡಿಸಲು ಯೋಜನೆ ಹಾಕಿದನು. ಮಂತ್ರಿಯು ಪುಸ್ತಕಗಳಿಗಾಗಿ ಪ್ರಯಾಣವನ್ನು ಬಿಟ್ಟನು, ಚಕ್ರವರ್ತಿಯು ಪ್ರಯಾಣಕ್ಕಾಗಿ ಪುಸ್ತಕಗಳನ್ನು ಕಿರಿದುಗೊಳಿಸಹೊರಟನು. ಪುಸ್ತಕವನ್ನು ಇದ್ದಲ್ಲಿಯೇ ಇರಿಸಿ ಅದರ ಪಾಠವನ್ನಷ್ಟೇ ತರಿಸಿಕೊಳ್ಳುವ ಮೂರನೆಯ ಮಾರ್ಗವು ಇಬ್ಬರಿಗೂ ಲಭ್ಯವಿರಲಿಲ್ಲ.

ಆ ಮೂರನೆಯ ಮಾರ್ಗದ ಕಲ್ಪನೆಯು 1945ರಲ್ಲಿ ಅಮೆರಿಕದ ವಿಜ್ಞಾನಿ ವನೆವಾರ್ ಬುಷ್ ಬರೆದ ಒಂದು ಪ್ರಬಂಧದಲ್ಲಿ ಕಾಣಿಸಿಕೊಳ್ಳುತ್ತದೆ. ‘ಮೆಮೆಕ್ಸ್’ ಎಂದು ಆತನು ಹೆಸರಿಸಿದ ಮೇಜಿನಾಕಾರದ ಯಂತ್ರದಲ್ಲಿ ಒಬ್ಬ ವ್ಯಕ್ತಿಯ ಪುಸ್ತಕಗಳೂ ಕಾಗದಪತ್ರಗಳೂ ಸೂಕ್ಷ್ಮಚಿತ್ರಗಳಾಗಿ ಅಡಕವಾಗಿರಬೇಕು, ಬೇಕೆಂದಾಗ ಕ್ಷಣದಲ್ಲಿ ಎದುರಿಗೆ ಬರಬೇಕು. ಅದನ್ನು ದೂರದಿಂದಲೂ ನಡೆಸಬಹುದೆಂಬ ಸೂಚನೆಯನ್ನೂ ಆತನು ನೀಡಿದ್ದುದು ಗಮನಾರ್ಹ. ಆ ಯಂತ್ರವು ನಿರ್ಮಾಣವಾಗಲಿಲ್ಲ, ಕಲ್ಪನೆ ಮಾತ್ರ ಉಳಿಯಿತು.

1971ರ ಜುಲೈ 4ರಂದು ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಹಾರ್ಟ್ ಎಂಬ ತರುಣನು ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಅಲ್ಲಿನ ಗಣಕಯಂತ್ರದಲ್ಲಿ ಅಕ್ಷರ ಅಕ್ಷರವಾಗಿ ಬೆರಳಚ್ಚು ಮಾಡಿ, ಇತರ ಬಳಕೆದಾರರಿಗೆ ದೊರೆಯುವಂತೆ ಇರಿಸಿದನು. ‘ಪ್ರಾಜೆಕ್ಟ್ ಗುಟೆನ್‌ಬರ್ಗ್’ ಎಂಬ ಉಚಿತ ಗ್ರಂಥಮಾಲೆಯು ಹುಟ್ಟಿದುದು ಹೀಗೆ. ಒಮ್ಮೆ ಅಕ್ಷರರೂಪದಲ್ಲಿ ಗಣಕವನ್ನು ಸೇರಿದ ಗ್ರಂಥವನ್ನು ಎಷ್ಟು ಸಲ ಪ್ರತಿಮಾಡಿದರೂ ಮೂಲವು ಸವೆಯುವುದಿಲ್ಲವೆಂಬ ತತ್ತ್ವವು ಈ ಕಾರ್ಯದಿಂದ ಸ್ಪಷ್ಟವಾಯಿತು.

ಆದರೆ ಆ ಅಕ್ಷರಗಳು ರೋಮನ್ ಲಿಪಿಯವು. ಕನ್ನಡಕ್ಕೆ ಬೇರೊಂದು ವಿಘ್ನವಿತ್ತು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಸಂಕೇತಕ್ರಮದಲ್ಲಿ ಸಿದ್ಧಪಡಿಸಿದ ಬರಹವು, ಅದೇ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ಅರ್ಥಹೀನ ಚಿಹ್ನೆಗಳಾಗಿ ತೋರುತ್ತಿತ್ತು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಸಂಕೇತವ್ಯವಸ್ಥೆಯಲ್ಲಿ ಕನ್ನಡ ಲಿಪಿಗೂ ಸ್ಥಾನ ದೊರೆತು, ಅದು ಕ್ರಮೇಣ ಬಳಕೆಗೆ ಬಂದಂತೆ ಈ ವಿಘ್ನವು ನಿವಾರಣೆಯಾಯಿತು. ಊರಿನಲ್ಲಿ ಬರೆದುದು ಪರದೇಶದಲ್ಲಿಯೂ ಕನ್ನಡವಾಗಿಯೇ ಕಾಣಿಸಬೇಕಾದರೆ ಇದು ಅವಶ್ಯವಾಗಿದ್ದಿತು.

ಮುಂದೆ 2006ರಿಂದ 2008ರವರೆಗಿನ ಅಲ್ಪಾವಧಿಯಲ್ಲಿ ಹಲವು ಕಾರ್ಯಗಳು ಒಟ್ಟಾಗಿ ಕೂಡಿಬಂದುವು. 2006ರ ಮಾರ್ಚ್‌ನಲ್ಲಿ ಅಮೆಜಾನ್ ಸಂಸ್ಥೆಯು ತನ್ನ ಸಂಗ್ರಹಯಂತ್ರಗಳಲ್ಲಿನ ಸ್ಥಳವನ್ನು ಬಾಡಿಗೆಗೆ ಕೊಡಲಾರಂಭಿಸಿತು. ಅದೇ ವರ್ಷ ಸೋನಿ ಸಂಸ್ಥೆಯ ಓದುಗಯಂತ್ರವು ಹೊರಬಂದಿತು. ಅದು ತಾವು ಬಳಸುತ್ತಿದ್ದ ಲಿನಕ್ಸ್ ವ್ಯವಸ್ಥೆಯೊಡನೆ ಹೊಂದಿಕೊಳ್ಳದಿದ್ದುದರಿಂದ ಭಾರತ ಮೂಲದ ಕೋವಿದ್ ಗೋಯಲ್ ಅವರು ಒಂದು ತಂತ್ರಾಂಶವನ್ನು ರಚಿಸಿದರು. 2008ರಲ್ಲಿ ‘ಕ್ಯಾಲಿಬರ್’ ಎಂಬ ನಾಮಧೇಯವನ್ನು ಪಡೆದ ಆ ಉಚಿತ ತಂತ್ರಾಂಶವು ಇಂದು ಅಸಂಖ್ಯ ಗೃಹಭಂಡಾರಗಳ ಗ್ರಂಥಪಾಲಕನಾಗಿದೆ. 2007ರಲ್ಲಿ ‘ಇಪಬ್’ ಎಂಬ ಸರ್ವಸಾಮಾನ್ಯ ಪುಸ್ತಕರೂಪವೂ ಕಿಂಡಲ್ ಓದುಗಯಂತ್ರವೂ ಬಂದುವು. ಬಸ್ಸು ಹತ್ತುವಾಗ ತಮ್ಮ ಸ್ಮರಣಕಡ್ಡಿಯನ್ನು ಮನೆಯಲ್ಲಿ ಮರೆತುದೇ ಪ್ರೇರಣೆಯಾಯಿತೆಂದು ಡ್ರೂ ಹ್ಯೂಸ್ಟನ್ ಎಂಬ ಅಮೆರಿಕದ ತರುಣರು ಹೇಳಿಕೊಂಡಿರುವ ‘ಡ್ರಾಪ್‌ಬಾಕ್ಸ್’ 2008ರಲ್ಲಿ ಸಾರ್ವಜನಿಕರಿಗೆ ದೊರೆಯಿತು. ನಾನೂರು ಒಂಟೆಗಳ ಸಂಕಟವೇ ಇಲ್ಲಿ ಬೇರೆ ರೂಪದಲ್ಲಿ ಕಾಣಿಸಿಕೊಂಡಿತೆನ್ನಬಹುದು. 2012ರಲ್ಲಿ ಗೂಗಲ್ ಡ್ರೈವ್ ಬಂದ ಮೇಲೆ ಈ ಸೌಕರ್ಯವು ಸಾಮಾನ್ಯರ ಕೈಗೂ ಎಟುಕಿತು.

ಇದರ ಕ್ರಮವು ಸರಳವಾದುದು. ಮನೆಯ ಗಣಕದಲ್ಲಿನ ಒಂದು ಕಡತಕೋಶದೊಳಗೆ ಕ್ಯಾಲಿಬರ್ ತಂತ್ರಾಂಶವು ಕರ್ತೃವಿಗೊಂದು, ಅದರೊಳಗೆ ಕೃತಿಗೊಂದು ಎಂಬಂತೆ ಪುಸ್ತಕಗಳನ್ನು ಜೋಡಿಸಿ, ಅವೆಲ್ಲಕ್ಕೂ ಒಂದು ಸೂಚಿಯನ್ನಿರಿಸುತ್ತದೆ. ಆ ಕೋಶವನ್ನು ದೂರಸಂಗ್ರಹಕ್ಕೆ ಒಪ್ಪಿಸಿದಲ್ಲಿ ಅದರ ಪ್ರತಿಯು ದತ್ತಕೇಂದ್ರವೊಂದನ್ನು ಸೇರುತ್ತದೆ, ಪ್ರವಾಸದಲ್ಲಿರುವವನು ಗುಪ್ತಪದವನ್ನು ಕೊಟ್ಟು ಅಲ್ಲಿಂದ ತರಿಸಿಕೊಳ್ಳುತ್ತಾನೆ. ‘ಮೇಘ’ವೆಂದು ಕರೆದರೂ ಅದು ಆಕಾಶದಲ್ಲಿಲ್ಲ, ನೆಲದ ಮೇಲೆ ಮತ್ತೊಬ್ಬರ ಕಟ್ಟಡದಲ್ಲಿ, ಮತ್ತೊಬ್ಬರ ಯಂತ್ರದಲ್ಲಿರುತ್ತದೆ. ಒಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಬೇಕು. ಒಂದೇ ಭಂಡಾರವನ್ನು ಎರಡು ಗಣಕಗಳಲ್ಲಿ ಏಕಕಾಲಕ್ಕೆ ತೆರೆದರೆ ಸೂಚಿಯು ಕೆಡುವ ಸಂಭವವುಂಟು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಕೈಗೆ ಎಟುಕಿದ ಪುಸ್ತಕವೆಲ್ಲವೂ ನಮ್ಮದೆ? 2009ರ ಜುಲೈನಲ್ಲಿ ನಡೆದ ಘಟನೆಯೊಂದು ಇದಕ್ಕೆ ಉತ್ತರವನ್ನು ನೀಡಿತು. ಮಾರಾಟದ ಹಕ್ಕಿಲ್ಲದವರು ಒದಗಿಸಿದುವೆಂಬ ಕಾರಣದಿಂದ, ಹಣ ಕೊಟ್ಟು ಕೊಂಡಿದ್ದ ಕೆಲವು ಇ-ಪುಸ್ತಕಗಳನ್ನು ಅಮೆಜಾನ್ ಸಂಸ್ಥೆಯು ವಾಚಕರ ಕಿಂಡಲ್ ಯಂತ್ರಗಳಿಂದ ದೂರದಿಂದಲೇ ಅಳಿಸಿಹಾಕಿತು. ಅವು ಜಾರ್ಜ್ ಆರ್ವೆಲ್ಲನ ‘1984’, ‘ಅನಿಮಲ್ ಫಾರ್ಮ್’ ಕೃತಿಗಳು. ಹಣವನ್ನು ಹಿಂದಿರುಗಿಸಿತು, ಅನಂತರ ಸಂಸ್ಥೆಯ ಮುಖ್ಯಸ್ಥರು ಕ್ಷಮೆಯನ್ನೂ ಯಾಚಿಸಿದರು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನು ಮುಚ್ಚಿದಾಗ ಹಣವು ಮರಳಿತು, ಪುಸ್ತಕಗಳು ಹೋದುವು. ಕೊಂಡ ಕಿಂಡಲ್ ಪುಸ್ತಕವನ್ನು ಗಣಕಕ್ಕೆ ಇಳಿಸಿಕೊಂಡು ತಂತಿಯ ಮೂಲಕ ಯಂತ್ರಕ್ಕೆ ಸಾಗಿಸುವ ಅನುಕೂಲವನ್ನೂ 2025ರ ಫೆಬ್ರವರಿಯಲ್ಲಿ ಅಮೆಜಾನ್ ನಿಲ್ಲಿಸಿತು. ದೂರದಿಂದ ತೆರೆಯಬಲ್ಲುದನ್ನು ದೂರದಿಂದ ಮುಚ್ಚಲೂ ಸಾಧ್ಯವೆಂಬುದು ಈ ನಿದರ್ಶನಗಳಿಂದ ವಿದಿತವಾಗುತ್ತದೆ.

ಕರ್ನಾಟಕಕ್ಕೆ ಸಂಬಂಧಿಸಿದ ನಿದರ್ಶನವೂ ಒಂದುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಪ್ರಮುಖ ಪಾತ್ರ ವಹಿಸಿದ್ದ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಯೋಜನೆಯಲ್ಲಿ ಅನೇಕ ಹಳೆಯ ಕನ್ನಡ ಗ್ರಂಥಗಳ ಪುಟಚಿತ್ರಗಳು ಸಿದ್ಧವಾಗಿ ಅಂತರಜಾಲದಲ್ಲಿ ದೊರೆಯುತ್ತಿದ್ದುವು. 2017ರ ಹೊತ್ತಿಗೆ ಆ ತಾಣವು ವಾಚಕರಿಗೆ ದೊರೆಯದಂತಾಯಿತು. ಪ್ರತಿಮಾಡಿ ‘ಇಂಟರ್‌ನೆಟ್ ಆರ್ಕೈವ್’ನಲ್ಲಿ ಸೇರಿಸಲಾಗಿದ್ದ ಅಸಂಖ್ಯ ಗ್ರಂಥಗಳು ಇಂದಿಗೂ ಅಲ್ಲಿ ಲಭ್ಯವಿವೆ. ಓಲೆಗರಿಯ ಕಾಲದಲ್ಲಿ ಪ್ರತಿಕಾರರಿಂದ ಗ್ರಂಥಗಳು ಉಳಿದಂತೆಯೇ ಇಲ್ಲಿಯೂ ಅವು ಉಳಿದುದು ಪ್ರತಿಮಾಡಿದವರಿಂದ.

ಇದು ಪರರಿಂದ ಒದಗುವ ಅಪಾಯವಾಯಿತು. ನಮ್ಮಿಂದಲೇ ಒದಗುವ ಅಪಾಯಕ್ಕೆ ಈ ಲೇಖಕನೇ ನಿದರ್ಶನ. ನಿವೃತ್ತಿಯ ಅನಂತರ ವಚನಗಳ ಪಾಠಾಂತರಗಳನ್ನು ಹೋಲಿಸಿ ಬರೆದ ಟಿಪ್ಪಣಿಗಳನ್ನೂ ಸಂಗ್ರಹಿಸಿದ ಇ-ಪುಸ್ತಕಗಳನ್ನೂ ನಾನು ದೂರಸಂಗ್ರಹದಲ್ಲಿ ಇರಿಸಿಕೊಂಡಿದ್ದೆನು. ಮಗಳ ಮನೆಯಲ್ಲಿದ್ದಾಗ ಒಂದು ಪದದ ವಿಷಯವಾಗಿ ಚರ್ಚೆಯುಂಟಾಗಿ, ಊರಿನ ಕಪಾಟಿನಲ್ಲಿದ್ದ ಎರಡು ಆವೃತ್ತಿಗಳ ಪುಟಗಳನ್ನು ಅಲ್ಲಿಯೇ ತೆರೆದು ನೋಡಿದಾಗ ಆದ ಸಂತೋಷವು ಅಷ್ಟಿಷ್ಟಲ್ಲ. ಅದೇ ವಾರ ಫೋನಿನಲ್ಲಿ ಸ್ಥಳವು ಸಾಲದೆಂದು ಒಂದು ಕೋಶವನ್ನು ಅಳಿಸಿದೆನು. ಅಳಿಸಿದುದು ಫೋನಿನಲ್ಲಿ ಮಾತ್ರವೆಂದು ನಾನು ಭಾವಿಸಿದ್ದೆನು. ಆದರೆ ಊರಿನ ಗಣಕದಲ್ಲಿಯೂ ಅದು ಮಾಯವಾಗಿತ್ತು. ಎಲ್ಲ ಪ್ರತಿಗಳೂ ಸದಾ ಒಂದೇ ರೀತಿಯಲ್ಲಿರಬೇಕೆಂಬುದೇ ಆ ವ್ಯವಸ್ಥೆಯ ಧರ್ಮವಾಗಿರುವಾಗ, ನನ್ನ ಅವಿವೇಕವನ್ನೂ ಅದು ನಿಷ್ಠೆಯಿಂದ ಎಲ್ಲೆಡೆ ನಡೆಸಿಕೊಟ್ಟಿತು. ಎರಡು ತಿಂಗಳ ಹಿಂದೆ ಮೊಮ್ಮಗಳು, “ಅಜ್ಜಾರ, ಇದೊಂದು ಬ್ಯಾರೆ ಇರಲಿ” ಎಂದು ಪ್ರತ್ಯೇಕ ಡಿಸ್ಕಿನಲ್ಲಿ ಪ್ರತಿಯೊಂದನ್ನು ಮಾಡಿ ಕಪಾಟಿನಲ್ಲಿ ಇರಿಸಿದ್ದಳು. ಅದರಿಂದ ಪುಸ್ತಕಗಳು ದೊರೆತುವು. ಆ ಎರಡು ತಿಂಗಳಲ್ಲಿ ಬರೆದ ಟಿಪ್ಪಣಿಗಳು ದೊರೆಯಲಿಲ್ಲ.

ಆದುದರಿಂದ ದೂರಸಂಗ್ರಹವನ್ನು ಬಿಡಬೇಕೆಂದು ಇಲ್ಲಿನ ಅಭಿಪ್ರಾಯವಲ್ಲ. ವೃದ್ಧರಿಗೂ ಪರದೇಶದಲ್ಲಿರುವ ಕನ್ನಡಿಗರಿಗೂ ಅದು ದೊಡ್ಡ ಉಪಕಾರ. ಆದರೆ ಅದು ಪುಸ್ತಕವನ್ನು ತಲಪುವ ದಾರಿಯೇ ಹೊರತು ಪುಸ್ತಕದ ಮನೆಯಲ್ಲ. ಒಂದು ಪ್ರತಿ ಗಣಕದಲ್ಲಿಯೂ, ಇನ್ನೊಂದು ಯಾವ ಜಾಲಕ್ಕೂ ಸೇರದ ಡಿಸ್ಕಿನಲ್ಲಿಯೂ, ಮತ್ತೊಂದು ದೂರಸಂಗ್ರಹದಲ್ಲಿಯೂ ಇರಲಿ. ಸಾಧ್ಯವಾದಾಗಲೆಲ್ಲ ನಾವೇ ಇಳಿಸಿಕೊಂಡು ಇರಿಸಿಕೊಳ್ಳಬಹುದಾದ ರೂಪದಲ್ಲಿ ಪುಸ್ತಕವನ್ನು ಕೊಳ್ಳುವುದು ಒಳ್ಳೆಯದು. ಗುಪ್ತಪದವನ್ನು ಮನೆಯವರೊಬ್ಬರಿಗಾದರೂ ತಿಳಿಸಿರಬೇಕು, ಇಲ್ಲವಾದರೆ ಯಜಮಾನನೊಡನೆ ಭಂಡಾರವೂ ಕಣ್ಮರೆಯಾಗುವುದು. ಭಂಡಾರವನ್ನು ಎಲ್ಲಿಯೇ ಇರಿಸಲಿ, ಅದನ್ನು ಕಾಯುವ ಹೊಣೆಯನ್ನು ಮಾತ್ರ ವಾಚಕನು ಇನ್ನೊಬ್ಬರಿಗೆ ಒಪ್ಪಿಸಲಾಗದು.