ಮೈಸೂರು ಸೀಮೆಯ ಕೆರೆದತ್ತಿಗಳು: ದಾನವೂ ಪಾಲನೆಯೂ

ಕರ್ನಾಟಕದ ದಾನಶಾಸನಗಳ ಕೊನೆಯ ಭಾಗವನ್ನು ಅಭ್ಯಾಸಿಗಳು ಸಾಮಾನ್ಯವಾಗಿ ಗಮನವಿಲ್ಲದೆ ದಾಟಿಹೋಗುವುದುಂಟು. ಅರಸನ ವಂಶಾವಳಿ, ಬಿರುದಾವಳಿ, ಕಾಲನಿರ್ದೇಶ, ದತ್ತಿಯ ಎಲ್ಲೆಕಟ್ಟುಗಳು ಮುಗಿದ ಮೇಲೆ ಬರುವ ಶ್ಲೋಕಗಳು ಬಹುಮಟ್ಟಿಗೆ ಎಲ್ಲ ಶಾಸನಗಳಲ್ಲಿಯೂ ಒಂದೇ ಬಗೆಯವಾದ್ದರಿಂದ, ಇತಿಹಾಸಕ್ಕೆ ಅವುಗಳಿಂದ ಹೆಚ್ಚಿನ ಪ್ರಯೋಜನವಿಲ್ಲವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆ ಶ್ಲೋಕಗಳಲ್ಲೊಂದರ ಅಭಿಪ್ರಾಯ ಹೀಗಿದೆ: ದಾನ ಮಾಡುವುದು, ಮಾಡಿದ ದಾನವನ್ನು ಕಾಪಾಡುವುದು, ಇವೆರಡರಲ್ಲಿ ಕಾಪಾಡುವುದೇ ಮಿಗಿಲು, ದಾನದಿಂದ ದೊರೆಯುವುದು ಸ್ವರ್ಗ, ಪಾಲನೆಯಿಂದ ದೊರೆಯುವುದು ಚ್ಯುತಿಯಿಲ್ಲದ ಪದವಿ. ಕೆರೆಗಳಿಗೆ ಬಿಟ್ಟ ದತ್ತಿಗಳ ವಿಷಯದಲ್ಲಿ ಈ ಮಾತು ಬರಿಯ ಉಪಚಾರೋಕ್ತಿಯಲ್ಲ. ನೀರಿನ ನಿರ್ವಹಣೆಗೆ ಆಧಾರವಾಗಿದ್ದ ಸೂತ್ರವೇ ಅದಾಗಿತ್ತು. ಇದನ್ನು ದೊರೆತಿರುವ ಆಧಾರಗಳಿಂದ ತೋರಿಸಿ, ಇಂದಿನ ಧರ್ಮಾರ್ಥ ಅನುದಾನಗಳಿಗೆ ಅದರಿಂದ ಏನಾದರೂ ಪಾಠವುಂಟೇ ಎಂದು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಚಾರಕ್ಕೆ ನಮ್ಮನ್ನು ಪ್ರೇರಿಸಿದ್ದು ಗ್ರಂಥಾಲಯವಲ್ಲ, ಬೋಗಾದಿಯ ದಾರಿ. ಮಾನಸಗಂಗೋತ್ರಿಯ ಪಶ್ಚಿಮಕ್ಕೆ, ಗದ್ದಿಗೆಯ ಕಡೆಗೆ ಹೋಗುವ ರಸ್ತೆಯಲ್ಲಿರುವ ಬೋಗಾದಿ ಬಹುಕಾಲ ಒಂದು ಹಳ್ಳಿಯಾಗಿತ್ತು. 2020ರಲ್ಲಿ ಅದು ಪಟ್ಟಣ ಪಂಚಾಯತಿಯಾಯಿತು. ಅದರ ಪೂರ್ವಕ್ಕೆ ಕುಕ್ಕರಹಳ್ಳಿ ಕೆರೆ, ದಕ್ಷಿಣಕ್ಕೆ ಲಿಂಗಾಂಬುಧಿ ಕೆರೆ. ಮಳೆಗಾಲದಲ್ಲಿ ವಿದ್ಯಾರ್ಥಿಗಳೊಡನೆ ಈ ಭಾಗದಲ್ಲಿ ನಡೆದು, ಯಾವ ದಿನ್ನೆಯ ನೀರು ಯಾವ ತಗ್ಗಿಗೆ ಹರಿಯುತ್ತದೆಂದು ಗುರುತಿಸಲು ಯತ್ನಿಸಿದೆವು. ಹಲವೆಡೆ ಕಾಲುವೆಯ ಜಾಡು ಬಡಾವಣೆಗಳ ನಡುವೆ ಇಲ್ಲವಾಗಿತ್ತು. ಕೆರೆ ಕಣ್ಣೆದುರಿಗೆ ಇತ್ತು. ಕೆರೆಗೆ ನೀರು ತರುವ ದಾರಿ ಇರಲಿಲ್ಲ. ಕಟ್ಟಿದವರ ಹೆಸರು ಉಳಿದು ಕಾಪಾಡುವವರ ಹೆಸರು ಅಳಿದುಹೋದ ಬಗೆಯನ್ನು ತಿಳಿಯಬೇಕಾದರೆ ಶಾಸನಗಳಿಗೇ ಹಿಂದಿರುಗಬೇಕೆಂದು ನಮಗೆ ಆಗ ತೋರಿತು.

ನಮ್ಮ ನಾಡಿನಲ್ಲಿ ಕೆರೆಗೂ ಶಾಸನಕ್ಕೂ ಇರುವ ಸಂಬಂಧ ಬಹು ಪುರಾತನವಾದುದು. ಕದಂಬ ಮಯೂರಶರ್ಮನ ಚಂದ್ರವಳ್ಳಿ ಶಾಸನದ ವಿಷಯವೇ ಒಂದು ತಟಾಕ. ಐದನೆಯ ಶತಮಾನದ ತಾಳಗುಂದ ಸ್ತಂಭಶಾಸನದಲ್ಲಿ ಕವಿ ಕುಬ್ಜನು ಕದಂಬ ವಂಶದ ಕಥೆಯನ್ನೆಲ್ಲ ನಿರೂಪಿಸುವುದು, ಕಾಕುತ್ಸ್ಥವರ್ಮನು ಶಿವಾಲಯದ ಬಳಿಯಲ್ಲಿ ಕಟ್ಟಿಸಿದ ಒಂದು ಕೆರೆಯ ನಿಮಿತ್ತವಾಗಿ. ರಾಜವಂಶದ ಚರಿತ್ರೆಗೆ ಆಕರವೆಂದು ನಾವು ಓದುವ ಈ ಶಾಸನಗಳು ಬರೆಸಿದವರ ದೃಷ್ಟಿಯಲ್ಲಿ ಮೊದಲು ನೀರಿನ ದಾಖಲೆಗಳು ಎಂಬುದನ್ನು ಮರೆಯಲಾಗದು. ಬಿ. ಎಲ್. ರೈಸ್ ಅವರು 1886ರಿಂದ ಹನ್ನೆರಡು ಸಂಪುಟಗಳಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಪುಟಗಳಲ್ಲಿ ಕೆರೆ, ಕಟ್ಟೆ, ತೂಬು, ಕಾಲುವೆಗಳ ಪ್ರಸ್ತಾಪ ಪದೇ ಪದೇ ಬರುತ್ತದೆ. ಪುತ್ರ, ನಿಧಿ, ದೇವಾಲಯ, ಉಪವನ, ಅಗ್ರಹಾರ, ಕಾವ್ಯ ಇವುಗಳೊಡನೆ ಕೆರೆಯನ್ನೂ ಸೇರಿಸಿ ‘ಸಪ್ತಸಂತಾನ’ವೆಂದು ಎಣಿಸಿದುದು ಪ್ರಸಿದ್ಧವಾಗಿದೆ. ಕೆರೆ ಸಂತಾನವೆಂದರೆ, ಅದು ಹುಟ್ಟಿಸಿ ಬಿಡುವ ವಸ್ತುವಲ್ಲ, ಸಾಕಬೇಕಾದ ಜೀವವೆಂಬ ಧ್ವನಿ ಅಲ್ಲಿದೆ.

ಈ ಸಾಕುವ ಕಾರ್ಯಕ್ಕೆ ನಮ್ಮ ಹಿರಿಯರು ಮಾಡಿದ್ದ ಏರ್ಪಾಡೇನು? ಶಾಸನಗಳಲ್ಲಿ ಬರುವ ಕೆಲವು ಪಾರಿಭಾಷಿಕ ಪದಗಳು ಇದಕ್ಕೆ ಉತ್ತರ ಕೊಡುತ್ತವೆ. ಗಂಗರ ಕಾಲದಿಂದಲೂ ಕಾಣುವ ‘ಬಿತ್ತುವಟ್ಟ’ವು ಕೆರೆಯನ್ನು ಕಟ್ಟಿದವನಿಗೆ ಅಥವಾ ಅದರ ರಕ್ಷಣೆಗೆ ಬಿಟ್ಟ ಭೂಮಿ, ಇಲ್ಲವೆ ಕೆರೆಯ ಕೆಳಗಿನ ಗದ್ದೆಗಳ ಹುಟ್ಟುವಳಿಯಲ್ಲಿ ಒಂದು ಪಾಲು. ‘ದಶವಂದ’ವೆಂಬುದು ಹೆಸರೇ ಸೂಚಿಸುವಂತೆ ಹತ್ತರಲ್ಲೊಂದು ಪಾಲಿನ ಭಾವನೆಯಿಂದ ಹುಟ್ಟಿದ ದತ್ತಿ. ‘ಕಟ್ಟುಗೊಡಗೆ’, ‘ಕೆರೆಗೊಡಗೆ’ಗಳು ಕೆರೆಯ ನಿರ್ಮಾಣ ಅಥವಾ ಜೀರ್ಣೋದ್ಧಾರವನ್ನು ವಹಿಸಿಕೊಂಡವನಿಗೆ ತೆರಿಗೆಯಿಲ್ಲದೆಯೋ ಅಲ್ಪ ತೆರಿಗೆಯ ಮೇಲೆಯೋ ಕೊಟ್ಟ ನೆಲ. ಇವಲ್ಲದೆ, ಹೂಳು ಎತ್ತಿ ಏರಿಗೆ ಮಣ್ಣು ಹಾಕುವ ‘ಕೆರೆಬಂಡಿ’ಗೂ ಅದನ್ನು ಎಳೆಯುವ ಎತ್ತು ಕೋಣಗಳಿಗೂ ಮೀಸಲಾದ ದತ್ತಿಗಳುಂಟು.

ಈ ದತ್ತಿಗಳಲ್ಲಿ ಗಮನಿಸಬೇಕಾದ ಲಕ್ಷಣವೊಂದಿದೆ. ದತ್ತಿಯ ಭೂಮಿ ಸಾಮಾನ್ಯವಾಗಿ ಆ ಕೆರೆಯ ಹಿಂದೆಯೇ, ಅಂದರೆ ಅದರ ನೀರು ಹರಿಯುವ ಅಚ್ಚುಕಟ್ಟಿನಲ್ಲಿಯೇ ಇರುತ್ತಿತ್ತು. ಕೆರೆ ತುಂಬಿದರೆ ಪಾಲಕನ ಗದ್ದೆ ಬೆಳೆಯುತ್ತಿತ್ತು. ಏರಿ ಒಡೆದರೆ ಮೊದಲು ಒಣಗುತ್ತಿದ್ದುದೂ ಅವನ ಗದ್ದೆಯೇ. ಹೀಗೆ ಕಾಪಾಡುವ ಕರ್ತವ್ಯವೂ ಕಾಪಾಡಿದ್ದರ ಫಲವೂ ಒಂದೇ ನೀರಿನಲ್ಲಿ ಸೇರಿದ್ದವು. ಮೇಲ್ವಿಚಾರಣೆಗೆ ಬೇರೊಬ್ಬ ಅಧಿಕಾರಿಯ ಅಗತ್ಯ ಅಷ್ಟಾಗಿ ಬೀಳದಂತೆ, ವ್ಯವಸ್ಥೆ ತನ್ನನ್ನು ತಾನೇ ಕಾಯ್ದುಕೊಳ್ಳುವಂತೆ ದತ್ತಿಯನ್ನು ರೂಪಿಸಿದ್ದರು. ಒಮ್ಮೆ ಹಣ ಕೊಟ್ಟು ಕೈತೊಳೆದುಕೊಳ್ಳುವ ದಾನಕ್ಕೂ ಇದಕ್ಕೂ ಬಹಳ ಅಂತರವುಂಟು.

ಏರ್ಪಾಡಿದ್ದ ಮಾತ್ರಕ್ಕೆ ಕೆರೆಕಟ್ಟೆಗಳು ಒಡೆಯುತ್ತಿರಲಿಲ್ಲವೆಂದಲ್ಲ. ಹರಿಹರದ ಎರಡು ಶಾಸನಗಳು ಇದಕ್ಕೆ ನಿದರ್ಶನ. 1410ರ ಶಾಸನವು ಹರಿದ್ರಾ ನದಿಗೆ ಅಣೆಕಟ್ಟನ್ನು ಕಟ್ಟಿ ಹರಿಹರದೇವರ ಭೂಮಿಯಲ್ಲಿ ಕಾಲುವೆ ತೆಗೆದುದನ್ನೂ, ಆ ನೀರಿನ ಭೂಮಿಯಲ್ಲಿ ಎರಡು ಪಾಲು ದೇವರಿಗೆ, ಒಂದು ಪಾಲು ಕಾಲುವೆಯನ್ನು ಮಾಡಿಸಿದ ಬ್ರಾಹ್ಮಣರಿಗೆ ಎಂದು ಏರ್ಪಟ್ಟುದನ್ನೂ ತಿಳಿಸುತ್ತದೆ. ಆದರೆ ಆ ಕಟ್ಟೆ ಒಡೆಯಿತು. 1424ರ ಶಾಸನದಿಂದ, ಸೇನಾನಿ ಚಾಮನೃಪಾಲನ ಧನಸಹಾಯದಿಂದ ಅದರ ಜೀರ್ಣೋದ್ಧಾರ ನಡೆಯಿತೆಂದು ತಿಳಿಯಬರುತ್ತದೆ. ಕೇವಲ ಹದಿನಾಲ್ಕು ವರ್ಷಗಳ ಅಂತರದಲ್ಲಿ ಕಟ್ಟಿದವರಿಗೊಂದು, ಉಳಿಸಿದವರಿಗೊಂದು ಶಾಸನ ಹುಟ್ಟಿದುದು ಅರ್ಥವತ್ತಾಗಿದೆ. ಒಡೆದುದನ್ನು ಸರಿಪಡಿಸಿದವನ ಕೀರ್ತಿಯೂ ಕಲ್ಲಿಗೆ ಏರಲು ಅರ್ಹವೆಂದು ಆ ಕಾಲದವರು ಬಗೆದಿದ್ದರು.

ಅದೇ ವಿಜಯನಗರದ ಆಳ್ವಿಕೆಗೆ ಸೇರಿದ, ಈಗ ಆಂಧ್ರಪ್ರದೇಶದ ಕಡಪ ಸೀಮೆಯಲ್ಲಿರುವ ಪೋರುಮಾಮಿಳ್ಳದ 1369ರ ಸಂಸ್ಕೃತ ಶಾಸನವು ಈ ವಿಷಯದಲ್ಲಿ ಒಂದು ಶಾಸ್ತ್ರಗ್ರಂಥಕ್ಕೆ ಸಮಾನವಾದುದು. ಒಂದನೆಯ ಬುಕ್ಕನ ಮಗ ಭಾಸ್ಕರ ಭವದೂರನು ಅಲ್ಲಿ ಕೆರೆ ಕಟ್ಟಿಸಿದನು. ಸಾವಿರ ಮಂದಿ ಕೆಲಸಗಾರರೂ ನೂರು ಬಂಡಿಗಳೂ ಎರಡು ವರ್ಷ ದುಡಿದರೆಂದು ಶಾಸನ ಹೇಳುತ್ತದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನು ಅಲ್ಲಿ ಎಣಿಸಲಾಗಿದೆ: ಧರ್ಮಿಷ್ಠನಾದ ಅರಸ, ಜಲಶಾಸ್ತ್ರವನ್ನು ಬಲ್ಲ ವಿದ್ವಾಂಸ, ಗಟ್ಟಿಯಾದ ನೆಲ, ಸಿಹಿನೀರಿನ ಹೊಳೆ, ಬೆಟ್ಟಗಳ ನಡುವಣ ಕಲ್ಲಿನ ಏರಿ, ಹತ್ತಿರದಲ್ಲಿ ಕಲ್ಲುಗಣಿ, ನುರಿತ ಕೆಲಸಗಾರರ ತಂಡ ಮೊದಲಾದುವು. ಇದರ ಬೆನ್ನಿಗೆ ಆರು ದೋಷಗಳೂ ಬರುತ್ತವೆ. ಏರಿಯಲ್ಲಿ ನೀರು ಜಿನುಗುವುದು, ಸೌಳುನೆಲ, ಕೆರೆಯ ನಡುವೆ ಉಬ್ಬು, ನೀರಿಗೂ ನೆಲಕ್ಕೂ ಪ್ರಮಾಣ ತಪ್ಪುವುದು ಇವು ಎಂಜಿನಿಯರುಗಳೂ ಒಪ್ಪುವ ದೋಷಗಳು. ಆದರೆ ಇನ್ನೊಂದು ದೋಷ ಆಡಳಿತಕ್ಕೆ ಸೇರಿದುದು: ಕೆರೆಯು ಎರಡು ರಾಜ್ಯಗಳ ಗಡಿಯಲ್ಲಿರುವುದು. ಇಬ್ಬರ ನಡುವೆ ಸಿಕ್ಕ ನೀರಿಗೆ ದಿಕ್ಕಿಲ್ಲವೆಂಬುದು ಇದರ ತಾತ್ಪರ್ಯ. ಕೆರೆಯ ಅಂಗಳ ಒಂದು ಇಲಾಖೆಗೆ, ಕಾಲುವೆ ಮತ್ತೊಂದಕ್ಕೆ, ಸುತ್ತಣ ಬಡಾವಣೆ ಇನ್ನೊಂದಕ್ಕೆ ಸೇರಿರುವ ಇಂದಿನ ದಿನಗಳಲ್ಲಿ ಈ ದೋಷವನ್ನು ಮೊದಲನೆಯದೆಂದೇ ನಾವು ಎಣಿಸಬೇಕಾಗಿದೆ.

ಇನ್ನು ಮೈಸೂರು ನಗರದ ಆಸುಪಾಸಿಗೆ ಬರೋಣ. ಲಿಂಗಾಂಬುಧಿ ಕೆರೆಯು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು, 1828ರದು. ರಾಣಿ ಲಿಂಗಾಜಮ್ಮಣ್ಣಿಯವರ ಹೆಸರನ್ನು ಹೊತ್ತಿದೆ. ಅದರ ಬಳಿಯ ಮಹಾಲಿಂಗೇಶ್ವರ ದೇವಾಲಯವೂ ಅವರ ಹೆಸರಿನೊಡನೆ ಕೂಡಿಕೊಂಡಿದೆ. ಕೆರೆಯನ್ನೂ ದೇವಾಲಯವನ್ನೂ ಜೊತೆಯಲ್ಲಿ ನಿಲ್ಲಿಸುವ ಹಳೆಯ ಸಂಪ್ರದಾಯವು ಹತ್ತೊಂಬತ್ತನೆಯ ಶತಮಾನದಲ್ಲಿಯೂ ಜೀವಂತವಾಗಿತ್ತೆಂಬುದಕ್ಕೆ ಇದು ಸಾಕ್ಷಿ. ಕುಕ್ಕರಹಳ್ಳಿ ಕೆರೆಯೂ ಅದೇ ಅರಸರ ಕಾಲದಲ್ಲಿ, 1864ರಲ್ಲಿ ಆದುದು. ಕಾವೇರಿಯ ನೀರನ್ನು ನಗರಕ್ಕೆ ತರಲು ದಿವಾನ್ ಪೂರ್ಣಯ್ಯನವರು ಆರಂಭಿಸಿ ಪೂರ್ತಿಗೊಳ್ಳದೆ ಉಳಿದ ಕಾಲುವೆಯು, ಹಿನಕಲ್ಲು ಬೋಗಾದಿಗಳ ಕಡೆಯ ಮಳೆನೀರನ್ನು ಈ ಕೆರೆಗೆ ಮುಟ್ಟಿಸುವ ನಾಲೆಯಾಗಿ ಅವರ ಹೆಸರನ್ನು ಉಳಿಸಿಕೊಂಡಿತು. ವಿಫಲವಾದ ಒಂದು ಯೋಜನೆಯೂ ಪಾಲನೆಯಿದ್ದರೆ ಸಫಲವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಸಮೀಪದ ಉದಾಹರಣೆ ನಮಗೆ ದೊರೆಯದು.

ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿಯವರು 1866ರಲ್ಲಿ ಬರೆಯುತ್ತ, 27,269 ಚದರ ಮೈಲಿಗಳ ಈ ಸಂಸ್ಥಾನದಲ್ಲಿ ನೂರಕ್ಕೆ ಸುಮಾರು ಅರವತ್ತರಷ್ಟು ನೆಲ ಪ್ರಜೆಗಳ ದೀರ್ಘ ಪರಿಶ್ರಮದಿಂದ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆಯೆಂದೂ, ಹೊಸ ಕೆರೆಗೆ ತಕ್ಕ ಸ್ಥಳ ಹುಡುಕುವುದೇ ಕಷ್ಟವೆಂದೂ ಆಶ್ಚರ್ಯಪಟ್ಟರು. ಆದರೆ ಅದೇ ದಶಕದಿಂದಲೇ ಹಳೆಯ ಏರ್ಪಾಡಿನ ಕಟ್ಟು ಸಡಿಲಗೊಳ್ಳತೊಡಗಿತು. ಇನಾಮುಗಳನ್ನು ತನಿಖೆಮಾಡಿ ಕ್ರಮಪಡಿಸುವ ಕಾರ್ಯ ಆಗ ನಡೆಯಿತು. ಕೆರೆಗಳ ಹೊಣೆ ಕ್ರಮೇಣ ಸರ್ಕಾರದ ಇಲಾಖೆಗಳಿಗೆ ಸೇರಿತು. 1896ರಲ್ಲಿ ವಾಣಿವಿಲಾಸ ನೀರು ಸರಬರಾಜು ಯೋಜನೆಯಿಂದ ಕಾವೇರಿಯ ನೀರು ನಗರಕ್ಕೆ ಬಂದಮೇಲೆ, ನಗರವಾಸಿಗೆ ಕೆರೆಯು ಅನ್ನನೀರಿನ ಪ್ರಶ್ನೆಯಾಗಿ ಉಳಿಯದೆ ನೋಟದ ವಸ್ತುವಾಯಿತು. 1911ರ ಕೆರೆ ಪಂಚಾಯತಿ ಕಾಯಿದೆಯು ರೈತರಿಗೆ ಹೊಣೆಯನ್ನು ಮರಳಿಸುವ ಒಂದು ಪ್ರಯತ್ನ. ಸ್ವಾತಂತ್ರ್ಯಾನಂತರ 1954 ಮತ್ತು 1955ರ ಇನಾಮು ರದ್ದಿಯಾತಿ ಕಾಯಿದೆಗಳೂ, ಆನುವಂಶಿಕ ಗ್ರಾಮ ಹುದ್ದೆಗಳನ್ನು ತೊಡೆದುಹಾಕಿದ 1961ರ ಕಾಯಿದೆಯೂ ಬಂದವು.

ಈ ಕಾಯಿದೆಗಳನ್ನು ನಾವು ದೂರುವುದಿಲ್ಲ, ಅವು ಬರಬೇಕಾಗಿದ್ದವು. ಹಳೆಯ ವ್ಯವಸ್ಥೆಯನ್ನು ಸುವರ್ಣಯುಗವೆಂದು ಹೊಗಳುವವರು ಅದರ ಕತ್ತಲೆಯನ್ನೂ ನೋಡಬೇಕು. ದತ್ತಿಯ ಪುಣ್ಯ ದಾನಿಗೆ, ಪಾಲು ಬಹುವೇಳೆ ಅಗ್ರಹಾರಕ್ಕೆ ಅಥವಾ ದೇವಾಲಯಕ್ಕೆ. ಮಣ್ಣು ಹೊತ್ತ ಒಡ್ಡರ ಹೆಸರಾಗಲಿ, ರಾತ್ರಿಯಲ್ಲಿ ತೂಬು ಕಾಯ್ದ ನೀರುಗಂಟಿಯ ಹೆಸರಾಗಲಿ ಶಾಸನದ ಕಲ್ಲಿನಲ್ಲಿ ಅಪರೂಪ. ನೀರುಗಂಟಿಯ ವೃತ್ತಿ ಹುಟ್ಟಿನಿಂದ ಬರುತ್ತಿತ್ತು. ಅದನ್ನು ಬಿಡುವ ಸ್ವಾತಂತ್ರ್ಯ ಅವನಿಗೆ ಸುಲಭವಾಗಿರಲಿಲ್ಲ. ಕೆರೆಗೆ ಸೊಸೆಯನ್ನು ಬಲಿಕೊಟ್ಟ ಕಥೆಯನ್ನು ಹೇಳುವ ‘ಕೆರೆಗೆ ಹಾರ’ ಎಂಬ ಜನಪದ ಲಾವಣಿಯು, ಶಾಸನಗಳು ಹೇಳದ ಇನ್ನೊಂದು ಪಕ್ಷವನ್ನು ನೆನಪಿಸುತ್ತದೆ. ಆದುದರಿಂದ ಹಳೆಯ ದತ್ತಿಗಳನ್ನು ಹಾಗೆಯೇ ಮರಳಿ ತರಬೇಕೆಂಬುದು ನಮ್ಮ ವಾದವಲ್ಲ. ಹುಟ್ಟಿನ ಬಂಧನವನ್ನು ಕಡಿದಾಗ ನಾವು ಪಾಲಕನ ಸ್ಥಾನವನ್ನೂ ಕಡಿದುಹಾಕಿದೆವು. ಅದನ್ನು ನ್ಯಾಯವಾದ ಬೇರೊಂದು ಆಧಾರದ ಮೇಲೆ ಮತ್ತೆ ನಿಲ್ಲಿಸಲಿಲ್ಲ ಎಂಬುದಷ್ಟೇ ನಮ್ಮ ಆಕ್ಷೇಪ.

ಇಂದಿನ ಧರ್ಮಾರ್ಥ ಅನುದಾನಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಬೇಕು. 2013ರ ಕಂಪನಿ ಕಾಯಿದೆಯ 135ನೆಯ ವಿಧಿಯಂತೆ, ನಿಗದಿಯಾದ ಮಟ್ಟವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಾಮಾಜಿಕ ಕಾರ್ಯಕ್ಕೆ ವಿನಿಯೋಗಿಸಬೇಕು. ಆ ಕಾಯಿದೆಯ ಏಳನೆಯ ಅನುಸೂಚಿಯಲ್ಲಿ ಪರಿಸರ ಸಮತೋಲ, ನೀರು ನೆಲಗಳ ಗುಣರಕ್ಷಣೆ, ವಿದ್ಯಾಪ್ರಸಾರ ಇವೆಲ್ಲವೂ ಸೇರಿವೆ. ದಶವಂದದ ಹತ್ತನೆಯ ಒಂದು ಪಾಲಿನಿಂದ ಐವತ್ತನೆಯ ಒಂದು ಪಾಲಿಗೆ ನಾವು ಬಂದಿದ್ದೇವೆಂದು ವಿನೋದಕ್ಕೆ ಹೇಳಬಹುದಾದರೂ, ನಿಜವಾದ ವ್ಯತ್ಯಾಸ ಪ್ರಮಾಣದಲ್ಲಿಲ್ಲ, ಅವಧಿಯಲ್ಲಿದೆ. 2021ರಲ್ಲಿ ತಿದ್ದುಪಡಿಯಾದ ನಿಯಮಗಳಲ್ಲಿ ‘ಮುಂದುವರಿಯುವ ಯೋಜನೆ’ಯ ಮಿತಿಯು, ಆರಂಭದ ವರ್ಷವನ್ನು ಬಿಟ್ಟು, ಮೂರು ವರ್ಷ. ಶಾಸನದ ಕಲ್ಲಿನ ಮೇಲೆ ದತ್ತಿಯ ಅವಧಿಯನ್ನು ಸೂರ್ಯಚಂದ್ರರ ಚಿತ್ರದಿಂದ ಸೂಚಿಸುತ್ತಿದ್ದರು. ಹೂಳು ತೆಗೆಸಿ, ಏರಿಯ ಮೇಲೆ ಕಾಲುದಾರಿ ಹಾಕಿಸಿ, ಫಲಕ ನೆಟ್ಟು ಹೋದಮೇಲೆ, ನಾಲ್ಕನೆಯ ಮಳೆಗಾಲದಲ್ಲಿ ಕಾಲುವೆಯ ಕಸ ತೆಗೆಯುವವರು ಯಾರು? ಅನುದಾನ ಪತ್ರವು ಈ ಪ್ರಶ್ನೆಗೆ ಉತ್ತರ ಕೊಡದಿದ್ದರೆ, ಅದು ದಾನವೇ ಹೊರತು ಪಾಲನೆಯಲ್ಲ.

ಪರಿಸರ ಶಿಕ್ಷಣದ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಕೊಟ್ಟ ನಿರ್ದೇಶನದ ಫಲವಾಗಿ ಶಾಲಾಕಾಲೇಜುಗಳಲ್ಲಿ ಪರಿಸರ ಅಧ್ಯಯನ ಕಡ್ಡಾಯವಾಯಿತು. ನಮ್ಮ ವಿದ್ಯಾರ್ಥಿಗಳು ಆ ಪತ್ರಿಕೆಯಲ್ಲಿ ಜೌಗುಭೂಮಿಯ ಲಕ್ಷಣವನ್ನು ಬಾಯಿಪಾಠವಾಗಿ ಬರೆಯುತ್ತಾರೆ. ತಾವು ನಿತ್ಯ ಹಾದುಹೋಗುವ ಕುಕ್ಕರಹಳ್ಳಿ ಕೆರೆಗೆ ನೀರು ಯಾವ ಕಡೆಯಿಂದ ಬರುತ್ತದೆಂದು ಕೇಳಿದರೆ ಮೌನವಾಗುತ್ತಾರೆ. ಏರಿಯ ಮೇಲೆ, ತೂಬಿನ ಬಳಿ ನಿಂತ ಶಾಸನವು ಹಿಂದೆ ಒಂದು ಬಗೆಯ ಪಾಠಪುಸ್ತಕವಾಗಿತ್ತು. ನೀರು ಯಾರದು, ಪಾಲು ಎಷ್ಟು, ಕೆಡಿಸಿದವನಿಗೆ ಪಾಪವೇನು ಎಂಬುದನ್ನು ನೀರಿರುವ ಸ್ಥಳದಲ್ಲಿಯೇ ಅದು ಸಾರುತ್ತಿತ್ತು. ಕೆರೆ ತುಂಬಿದಾಗ ಬಾಗಿನ ಅರ್ಪಿಸುವ ಆಚಾರವು ಅಕ್ಷರ ಬಾರದವರಿಗೂ ವರ್ಷಕ್ಕೊಮ್ಮೆ ಅದೇ ಪಾಠವನ್ನು ಒಪ್ಪಿಸುತ್ತಿತ್ತು.

ಇತಿಹಾಸದ ಅಧ್ಯಾಪಕರು ಈ ದಿಕ್ಕಿನಲ್ಲಿ ಮಾಡಬಹುದಾದ ಕಾರ್ಯವೊಂದುಂಟು. ಒಂದೊಂದು ಕಾಲೇಜು ತನ್ನ ನೆರೆಯ ಒಂದೊಂದು ಕೆರೆಯ ಚರಿತ್ರೆಯನ್ನು ಸಿದ್ಧಪಡಿಸಲಿ. ಶಾಸನವಿದ್ದರೆ ಅದರ ಪಾಠ, ಹಳೆಯ ಗ್ರಾಮನಕ್ಷೆಯಲ್ಲಿ ಕಾಣುವ ಕಾಲುವೆಗಳು, ಅಚ್ಚುಕಟ್ಟಿನ ಗದ್ದೆಗಳ ಹೆಸರು, ನೀರುಗಂಟಿಯ ಮನೆತನದ ಹಿರಿಯರು ನೆನಪಿಟ್ಟ ಸಂಗತಿಗಳು ಇವನ್ನು ವರ್ಷವರ್ಷವೂ ಹೊಸ ವಿದ್ಯಾರ್ಥಿಗಳು ಸ್ಥಳಕ್ಕೆ ಹೋಗಿ ಪರಿಶೀಲಿಸಿ ತಿದ್ದುತ್ತ ಬರಲಿ. ಅನುದಾನ ಕೊಡುವವರು ಕೆರೆಯ ಹೊಣೆ ಹೊತ್ತು ಸಂಬಳ ಪಡೆಯುವ ಒಬ್ಬ ಪಾಲಕನಿಗಾಗಿ ಶಾಶ್ವತ ನಿಧಿಯನ್ನಿಟ್ಟರೆ, ಈ ದಾಖಲೆ ಅವನ ಕೈಪಿಡಿಯಾಗುತ್ತದೆ. ಅನುದಾನ ಬಾರದೆ ಹೋದರೂ, ಮುಚ್ಚಿಹೋದ ಕಾಲುವೆ ಎಲ್ಲಿತ್ತೆಂಬುದಕ್ಕೆ ಸಾಕ್ಷಿಯಂತೂ ಉಳಿಯುತ್ತದೆ. ಬೋಗಾದಿಯ ಕಡೆಯಲ್ಲಿ ನಾವು ಈ ಕಾರ್ಯವನ್ನು ಆರಂಭಿಸಿದ್ದೇವೆ. ದೊರೆತಿರುವುದು ಈಗ ಕೆಲವೇ ಪುಟಗಳು. ಮುಂದಿನ ಮಳೆಗಾಲದಲ್ಲಿ ಬೇರೆ ವಿದ್ಯಾರ್ಥಿಗಳು ಅದೇ ದಾರಿಯಲ್ಲಿ ಮತ್ತೆ ನಡೆದು ಅವನ್ನು ಮುಂದುವರಿಸಬೇಕಾಗಿದೆ.