ಅರಿವು, ಅನುಭವ, ಅನುಭಾವ

ಶರಣ ಸಾಹಿತ್ಯದಲ್ಲಿ ಅರಿವು, ಅನುಭವ, ಅನುಭಾವ ಎಂಬ ಪದಗಳು ಮತ್ತೆ ಮತ್ತೆ ಬರುತ್ತವೆ. ಇವನ್ನು ಒಂದೇ ಅರ್ಥದಲ್ಲಿ ಬಳಸುವುದುಂಟು. ಇವುಗಳ ಭೇದವನ್ನು ನಾವು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಇಂದ್ರಿಯಗಳಿಂದಲೂ ಬದುಕಿನ ಏಳುಬೀಳುಗಳಿಂದಲೂ ದೊರಕುವುದು ಅನುಭವ. ಅದನ್ನು ವಿವೇಚಿಸಿ ಸತ್ಯಾಸತ್ಯಗಳನ್ನು ಬೇರ್ಪಡಿಸುವ ಎಚ್ಚರವೇ ಅರಿವು. ಅರಿಯುವವನು ಮತ್ತು ಅರಿಯಲ್ಪಡುವುದು ಎಂಬ ಎರಡೂ ಅಳಿದ ನಿಲುವು ಅನುಭಾವ. ಅನುಭವಕ್ಕೆ ‘ನನ್ನದು’ ಎಂಬ ಒಡೆತನವುಂಟು. ಅನುಭಾವದಲ್ಲಿ ‘ನಾನು’ ಎಂಬುದೇ ಉಳಿಯದು.

ಅನುಭಾವವನ್ನು ಹಿರಿದೆಂದ ಶರಣರು ಲೋಕಾನುಭವವನ್ನು ಕಡೆಗಣಿಸಲಿಲ್ಲ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ ಮೊದಲಾದವರ ಹೆಸರಿನಲ್ಲಿಯೇ ಕಾಯಕ ಬೆಸೆದುಕೊಂಡಿದೆ. ಬಟ್ಟೆ ಒಗೆಯುವ, ದೋಣಿ ನಡೆಸುವ, ಬಿದಿರು ಸೀಳುವ, ಹಗ್ಗ ಹೊಸೆಯುವ ಕೈಗಳು ಕಂಡುಕೊಂಡ ತಿಳಿವಿಗೆ 12ನೆಯ ಶತಮಾನದ ಕಲ್ಯಾಣದಲ್ಲಿ ಮನ್ನಣೆ ದೊರೆಯಿತು. ಶಾಸ್ತ್ರ ಬಲ್ಲವರಿಗೆ ಮಾತ್ರ ಜ್ಞಾನವೆಂಬ ನಂಬಿಕೆಯನ್ನು ಇದು ಅಲುಗಿಸಿತು.

ಅನುಭವದ ಮಿತಿಯನ್ನು ತೋರುವ ಪ್ರಸಿದ್ಧ ಪ್ರಸಂಗ ಸೊನ್ನಲಿಗೆಯ ಸಿದ್ಧರಾಮರದು. ಸೊನ್ನಲಿಗೆ ಎಂದರೆ ಇಂದಿನ ಸೊಲ್ಲಾಪುರ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನವರು ಮೊದಲಿಗೆ ಸಂಕಲಿಸಿದ ಶೂನ್ಯಸಂಪಾದನೆಯಲ್ಲಿ ಇದು ಬರುತ್ತದೆ. ಕೆರೆಯ ಕೆಲಸ ನಡೆದಿದ್ದ ಆ ಊರಿಗೆ ಬಂದ ಅಲ್ಲಮಪ್ರಭುಗಳು ಸಿದ್ಧರಾಮರನ್ನು ಒಡ್ಡನೆಂದು ಕರೆಯುತ್ತಾರೆ. ಕೆರಳಿದ ಕೆಲಸಗಾರರು ಕಲ್ಲೆಸೆಯುತ್ತಾರೆ. ಮುಂದಿನ ಸಂವಾದದಲ್ಲಿ ಸಿದ್ಧರಾಮರಿಗೆ ಅರಿವಾಗುವುದು ಇಷ್ಟು: ಕೆರೆ ಊರಿನ ಬಾಯಾರಿಕೆಯನ್ನು ಕಳೆಯಬಲ್ಲದು, ‘ಕಟ್ಟಿಸಿದವನು ನಾನು’ ಎಂಬ ಭಾವವನ್ನು ಕಳೆಯಲಾರದು. ಬಳಿಕ ಅವರು ಕಲ್ಯಾಣಕ್ಕೆ ಬರುತ್ತಾರೆ. ಈ ಪ್ರಸಂಗವನ್ನು ಲೋಕಹಿತದ ನಿರಾಕರಣೆಯೆಂದು ನಾವು ತಿಳಿಯಬೇಕಿಲ್ಲ. ಕರ್ತೃತ್ವದ ಅಹಂಕಾರವೊಂದೇ ಇಲ್ಲಿ ಪರೀಕ್ಷೆಗೆ ಒಳಗಾಗಿದೆ.

ಅರಿವಿಗೆ ಮಿತಿಯುಂಟೆಂಬ ಮಾತನ್ನು ಅಜ್ಞಾನಕ್ಕೆ ಆಸರೆಯಾಗಿ ಬಳಸುವುದು ಇಂದಿನ ದೊಡ್ಡ ಅಪಾಯ. ದೈವಕ್ಕೆ ಬಿಟ್ಟೆವೆಂದು ಹೇಳಿ ವೈದ್ಯರ ಸಲಹೆಯನ್ನು ತಳ್ಳಿಹಾಕುವುದು, ಅನುಭವವೇ ಸಾಕೆಂದು ಮಕ್ಕಳ ಓದನ್ನು ನಿಲ್ಲಿಸುವುದು ಅನುಭಾವವಾಗದು. ತಿಳಿದುಕೊಳ್ಳುವ ಶ್ರಮವನ್ನೇ ಪಡದವರಿಗೆ ತಿಳಿವಿನ ಎಲ್ಲೆ ಕಾಣುವುದಾದರೂ ಹೇಗೆ? ಅಲ್ಲಮಪ್ರಭುಗಳ ಪ್ರಶ್ನೆಯನ್ನು ಸಿದ್ಧರಾಮರು ಎದುರಿಸಿದ್ದು ದುಡಿಮೆಯ ನಡುವೆ ನಿಂತು.

ಆದುದರಿಂದ ಕಲಿಯಬೇಕಾದುದನ್ನು ಶ್ರದ್ಧೆಯಿಂದ ಕಲಿಯೋಣ, ಕಲಿತುದನ್ನು ನಡೆಯಲ್ಲಿ ತೋರೋಣ. ಬಲ್ಲೆನೆಂಬ ಭಾವ ತಲೆಯೆತ್ತಿದಾಗ ಅದನ್ನೂ ಅರಿವಿನಿಂದಲೇ ಪ್ರಶ್ನಿಸೋಣ.