ಅಳಿವೆಯಲ್ಲಿ ನಾಲ್ಕು ಗಂಟೆ: ಗೋವಾದಲ್ಲಿ ಗಾಳ ಹಾಕಲು ಹೊರಡುವವರಿಗೆ

ಪಣಜಿ: ಗೋವಾಕ್ಕೆ ಹೋದವರು ಸಮುದ್ರ ನೋಡಿ, ದೇವಸ್ಥಾನ ಚರ್ಚು ನೋಡಿ, ಗೋಡಂಬಿ ಕಟ್ಟಿಸಿಕೊಂಡು ಊರಿಗೆ ಮರಳುವುದು ವಾಡಿಕೆ. ಬೆಳಗಾವಿ, ಕಾರವಾರ, ಸೊಲ್ಲಾಪುರ, ಜತ್ತ ಕಡೆಯಿಂದ ಬರುವವರಲ್ಲಿ ಕೆಲವರಿಗೆ ಇನ್ನೂ ಒಂದು ಆಸೆ ಇರುತ್ತದೆ. ಸ್ಥಳೀಯ ದೋಣಿಕಾರರೊಬ್ಬರ ಜೊತೆ ಬೆಳಗಿನ ಹೊತ್ತು ನೀರಿಗಿಳಿದು, ನಾಲ್ಕು ಗಂಟೆ ಗಾಳ ಹಾಕಿ, ಮಧ್ಯಾಹ್ನದ ಊಟಕ್ಕೆ ಹಿಂದಿರುಗುವುದು. ಕೆರೆಯಲ್ಲಿ, ಹೊಳೆಯಲ್ಲಿ ಗಾಳ ಹಾಕಿ ಬಲ್ಲವರಿಗೂ ಉಪ್ಪು ನೀರು ಹೊಸ ಪಾಠ. ಅಲ್ಲಿ ನೀರು ನಿಂತಲ್ಲಿ ನಿಲ್ಲುವುದಿಲ್ಲ. ದಿನಕ್ಕೆ ನಾಲ್ಕು ಸಲ ದಿಕ್ಕು ಬದಲಿಸುತ್ತದೆ.

ಹೀಗೆ ಹೋಗುವವರು ಮೊದಲೇ ತಿಳಿದಿರಬೇಕಾದ ಸಂಗತಿ ಒಂದಿದೆ. ಅವರು ಕೊಡುವ ಹಣ ಮೀನಿಗಲ್ಲ. ಮೀನು ಸಿಕ್ಕರೂ ಸಿಗದಿದ್ದರೂ ಆ ಹಣ ಸಲ್ಲುವುದು ದೋಣಿಯವರ ನೀರಿನ ಜ್ಞಾನಕ್ಕೆ. ಎಲ್ಲಿ, ಯಾವಾಗ ಗಾಳ ಬಿಡಬೇಕು ಎಂಬುದು ಆ ಜ್ಞಾನದ ಒಂದು ಭಾಗ. ಯಾವ ದಿನ ಹೊರಡಲೇಬಾರದು ಎಂಬುದು ಅದಕ್ಕಿಂತ ದೊಡ್ಡ ಭಾಗ.

ಎರಡು ಬಗೆಯ ಪ್ರವಾಸ

ಗೋವಾದಲ್ಲಿ ಇಂತಹ ದೋಣಿಯಾನ ಸಾಮಾನ್ಯವಾಗಿ ಎರಡು ಬಗೆ. ಒಂದು, ದೊಡ್ಡ ದೋಣಿಯಲ್ಲಿ ಗುಂಪಾಗಿ ವಾಸ್ಕೋ ಎದುರಿನ ಗ್ರಾಂಡೆ ದ್ವೀಪದ ಕಡೆಗೆ ಹೋಗುವುದು. ಡಾಲ್ಫಿನ್ ನೋಡುವುದು, ನೀರಿನಲ್ಲಿ ಮುಳುಗಿ ಬಂಡೆ ನೋಡುವುದು, ನಡುವೆ ಸ್ವಲ್ಪ ಹೊತ್ತು ಕೈದಾರದಲ್ಲಿ ಗಾಳ ಬಿಡುವುದು, ಹೀಗೆ ಎಲ್ಲವೂ ಅದರಲ್ಲಿ ಸೇರಿರುತ್ತದೆ. ಇಲ್ಲಿ ಮೀನು ಹಿಡಿಯುವುದು ನೆಪಮಾತ್ರ.

ಇನ್ನೊಂದು ನಿಜವಾದ ಗಾಳದ ಪ್ರವಾಸ. ಔಟ್‌ಬೋರ್ಡ್ ಇಂಜಿನಿನ ಸಣ್ಣ ಫೈಬರ್ ದೋಣಿ, ಮೂರು ನಾಲ್ಕು ಮಂದಿ, ಜೊತೆಗೆ ಒಬ್ಬ ಮಾರ್ಗದರ್ಶಿ. ದೋಣಿ ಆಳ ಸಮುದ್ರಕ್ಕೆ ಹೋಗುವುದಿಲ್ಲ. ನದಿಯ ಅಳಿವೆ, ಕಾಂಡ್ಲಾ ಗಿಡಗಳ ಅಂಚು, ಸೇತುವೆಯ ಕಂಬ, ದಡದ ಸಮೀಪದ ಬಂಡೆ ಇವೇ ಅದರ ಕ್ಷೇತ್ರ. ಮಾಂಡೋವಿ, ಜುವಾರಿ, ಛಾಪೋರಾ, ಸಾಳ ನದಿಗಳ ಕೆಳಭಾಗ ಇದಕ್ಕೆ ಹೇಳಿಸಿದ ಜಾಗ. ಮಾಂಡೋವಿ ಎಂದರೆ ಕನ್ನಡಿಗರಿಗೆ ಪರಕೀಯವಲ್ಲ. ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಪಣಜಿಯ ಮುಂದೆ ಮಾಂಡೋವಿಯಾಗಿ ಸಮುದ್ರ ಸೇರುತ್ತದೆ.

ಭರತಿ, ಸುಕತಿ

ಅಳಿವೆಯಲ್ಲಿ ಗಡಿಯಾರಕ್ಕಿಂತ ಮುಖ್ಯವಾದದ್ದು ಉಬ್ಬರ ಮತ್ತು ಇಳಿತ. ಕೊಂಕಣಿಯಲ್ಲಿ ಭರತಿ, ಸುಕತಿ ಎನ್ನುತ್ತಾರೆ. ಮರಾಠಿ ಬಲ್ಲವರಿಗೆ ಇದು ಭರತಿ, ಓಹೋಟಿ. ಈ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಎರಡೂ ಉಬ್ಬರದ ಎತ್ತರ ಒಂದೇ ಇರುವುದಿಲ್ಲ. ಇಂದು ಬಂದ ಉಬ್ಬರ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರಿನ ಏರಿಳಿತ 2 ಮೀಟರ್ ದಾಟುತ್ತದೆ. ಅಷ್ಟಮಿಯ ಹೊತ್ತಿಗೆ ಅದು ಕಡಿಮೆ. ಮಳೆಗಾಲ ಮುಗಿದ ಮೇಲೆ ಮಾಂಡೋವಿಯಲ್ಲಿ ಈ ಏರಿಳಿತ ಸಮುದ್ರದಿಂದ 40 ಕಿ.ಮೀ.ಗೂ ಹೆಚ್ಚು ಒಳಗಿನವರೆಗೆ ಕಾಣುತ್ತದೆ. ಮನೆಯಲ್ಲಿ ಪಂಚಾಂಗ ಇದ್ದವರು ತಿಥಿ ನೋಡಿಯೇ ನೀರಿನ ಜೋರು ಅಂದಾಜು ಮಾಡಬಹುದು.

ಮೀನಿಗೂ ಇದಕ್ಕೂ ಸಂಬಂಧ ಸರಳ. ಉಬ್ಬರದಲ್ಲಿ ಸಿಗಡಿ, ಸಣ್ಣ ಮೀನು ಕಾಂಡ್ಲಾ ಬೇರುಗಳ ಒಳಗೆ ಮೇಯಲು ಹೋಗುತ್ತವೆ. ನೀರು ಇಳಿಯತೊಡಗಿದಾಗ ಅವು ಹೊರಬರಲೇಬೇಕು. ದೊಡ್ಡ ಮೀನು ಆ ಬಾಯಿಯಲ್ಲಿ ಹೊಂಚು ಹಾಕಿ ಕಾಯುತ್ತದೆ. ಸೇತುವೆ ಕಂಬದ ಹಿಂದೆ, ಬಂಡೆಯ ಮರೆಯಲ್ಲಿ, ಎರಡು ಪ್ರವಾಹ ಸೇರುವ ಗೆರೆಯಲ್ಲಿ ನಿಂತರೆ ಅದಕ್ಕೆ ಈಜುವ ಶ್ರಮವೂ ಇಲ್ಲ. ನೀರು ಪೂರ್ತಿ ನಿಂತ ಹೊತ್ತಿನಲ್ಲಿ ಸಾಮಾನ್ಯವಾಗಿ ಮೀನು ಕಚ್ಚುವುದು ಕಡಿಮೆ. ಆದ್ದರಿಂದ ಒಳ್ಳೆಯ ಮಾರ್ಗದರ್ಶಿ 'ಆರು ಗಂಟೆಗೆ ಬನ್ನಿ' ಎನ್ನುವ ಮೊದಲು ಅಂದಿನ ಉಬ್ಬರದ ವೇಳೆ ನೋಡಿರುತ್ತಾರೆ. ನಾಲ್ಕು ಗಂಟೆಯ ಪ್ರವಾಸದಲ್ಲಿ ಗಟ್ಟಿಯಾಗಿ ಮೀನು ಕಚ್ಚುವುದು ಒಂದೂವರೆ ಗಂಟೆ ಮಾತ್ರ ಇರಬಹುದು. ಉಳಿದದ್ದು ಕಾಯುವ ಹೊತ್ತು.

ಬೆಳಗಿನ ಪ್ರವಾಸಕ್ಕೆ ಇನ್ನೊಂದು ಕಾರಣವಿದೆ. ಚಳಿಗಾಲ, ಬೇಸಿಗೆಯಲ್ಲಿ ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಮೆಲ್ಲನೆ ಬೀಸುತ್ತದೆ. ಮಧ್ಯಾಹ್ನದ ನಂತರ ಕಡಲಗಾಳಿ ಎದ್ದು ಅಳಿವೆಯ ಬಾಯಲ್ಲಿ ತೆರೆ ಏಳುತ್ತದೆ.

ಸಲಕರಣೆ

ಸಲಕರಣೆಯನ್ನು ದೋಣಿಯವರೇ ಕೊಡುತ್ತಾರೆ. ಆರೇಳು ಅಡಿಯ ಕೋಲು, ರೀಲು, ಹೆಣೆದ ದಾರ, ತುದಿಗೆ ದಪ್ಪ ನೈಲಾನ್ ದಾರದ ಒಂದು ತುಂಡು. ಬಂಡೆ, ಚಿಪ್ಪಿಗೆ ಉಜ್ಜಿ ತುಂಡಾಗದಿರಲಿ ಎಂದು ಆ ತುದಿ. ಎರೆಯಾಗಿ ಜೀವಂತ ಸಿಗಡಿ ಎಲ್ಲಕ್ಕಿಂತ ಉತ್ತಮ. ಸಿಗಡಿ, ಸಣ್ಣ ಮೀನಿನ ಆಕಾರದ ರಬ್ಬರ್ ಮತ್ತು ಪ್ಲಾಸ್ಟಿಕ್ ಎರೆಗಳೂ ಇವೆ. ಸೀಸದ ಗುಂಡು ತಳ ಮುಟ್ಟಿದ ಮೇಲೆ ಒಂದು ಮೊಳ ಮೇಲೆತ್ತಿ ಹಿಡಿಯಬೇಕು. ಇಲ್ಲವಾದರೆ ಮೀನಿಗಿಂತ ಮೊದಲು ಗಾಳ ಕಲ್ಲಿಗೆ ಸಿಕ್ಕುತ್ತದೆ.

ಪ್ರವಾಸಿ ತನ್ನ ಜೊತೆ ತರಬೇಕಾದದ್ದು ಸ್ವಲ್ಪವೇ. ಟೋಪಿ, ತುಂಬು ತೋಳಿನ ಅಂಗಿ, ಕುಡಿಯುವ ನೀರು, ಜಾರದ ಚಪ್ಪಲಿ, ವಾಂತಿಯಾಗುವವರು ವೈದ್ಯರನ್ನು ಕೇಳಿ ಮಾತ್ರೆ. ಹಿಂದೆ ಯಾರಿದ್ದಾರೆ ಎಂದು ನೋಡದೆ ಕೋಲು ಬೀಸಬಾರದು. ದೋಣಿಯಲ್ಲಿ ಆಗುವ ಗಾಯಗಳಲ್ಲಿ ಗಾಳ ಚುಚ್ಚಿಕೊಳ್ಳುವುದು ಸಾಮಾನ್ಯ.

ಒಂದೇ ಮೀನು, ಹಲವು ಹೆಸರು

ಗಡಿ ಭಾಗದವರಿಗೆ ಮೀನಿನ ಹೆಸರಿನಲ್ಲೇ ಗೊಂದಲ. ಅಳಿವೆಯ ರಾಜನೆನಿಸಿದ ಮೀನು ಗೋವಾದಲ್ಲಿ ಚೊಣಕ. ಅದೇ ಮಹಾರಾಷ್ಟ್ರದಲ್ಲಿ ಜಿತಾಡ, ಕೇರಳದಲ್ಲಿ ಕಾಳಾಂಜಿ, ತಮಿಳಿನಲ್ಲಿ ಕೊಡುವಾ, ತೆಲುಗಿನಲ್ಲಿ ಪಂಡುಗಪ್ಪ. ಗಾಳ ಕಚ್ಚಿದೊಡನೆ ನೀರಿನಿಂದ ಮೇಲೆ ಹಾರಿ ತಲೆ ಕೊಡವುವುದು ಇದರ ಗುಣ. ದಾರ ಸಡಿಲಾದರೆ ಗಾಳ ಉಗುಳಿ ಹೋಗಿಬಿಡುತ್ತದೆ. ಇದರ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ. ಅಲ್ಲಿ ಕೈ ಹಾಕಬಾರದು.

ಕಾಂಡ್ಲಾ ಬೇರುಗಳ ನಡುವೆ ಸಿಗುವ ಕೆಂಪು ಮೀನು ಗೋವಾದವರಿಗೆ ತಾಮಸೊ, ಕಾಸರಗೋಡಿನ ಮಲಯಾಳಿಗಳಿಗೆ ಚೆಂಬಲ್ಲಿ, ದಕ್ಷಿಣ ಕನ್ನಡದ ಕೆಂಬೇರಿಯ ಬಳಗ. ಬಂಡೆಯ ಸಂದಿಯಲ್ಲಿರುವ ಗೋಬ್ರೊ ತುಳುವರ ಮುರು, ಮಲಯಾಳಿಗಳ ಕಲವ. ಅದು ಎರೆ ನುಂಗಿದೊಡನೆ ಸಂದಿಗೆ ನುಗ್ಗುತ್ತದೆ. ಮೊದಲ ಕ್ಷಣದಲ್ಲೇ ಎಳೆಯದಿದ್ದರೆ ದಾರ ಕತ್ತರಿಸಿದಂತೆಯೇ.

ಬೇಡವೆಂದರೂ ಸಿಗುವುದು ಸಾಂಗಟ್. ಇದು ಕರಾವಳಿ ಕನ್ನಡದ ತೇಡೆ, ಮಲಯಾಳಿಗಳ ಏಟ. ಇದರ ಬೆನ್ನಿನ ಮತ್ತು ಎರಡೂ ಪಕ್ಕದ ಮುಳ್ಳುಗಳು ವಿಷದವು. ತೊರಕೆ ಮೀನಿನ ಬಾಲದ ಮುಳ್ಳೂ ಹಾಗೆಯೇ. ಚುಚ್ಚಿದರೆ ಗಾಯ ತೊಳೆದು, ಚರ್ಮ ಸುಡದಷ್ಟು, ಅಂದರೆ ಸುಮಾರು 45 ಡಿಗ್ರಿ ಮೀರದ ಬಿಸಿನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿ ಇಟ್ಟರೆ ನೋವು ಇಳಿಯುತ್ತದೆ. ಮುಳ್ಳು ಒಳಗೆ ಮುರಿದಿದ್ದರೆ, ಎದೆ ಹೊಟ್ಟೆಗೆ ತಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮುಟ್ಟಿದರೆ ಚೆಂಡಿನಂತೆ ಉಬ್ಬುವ ಮೀನು ಸಿಕ್ಕರೆ ಅದನ್ನು ಬಿಟ್ಟುಬಿಡಬೇಕು. ಅದರ ಒಳಭಾಗದ ವಿಷ ಬೇಯಿಸಿದರೂ ಹೋಗುವುದಿಲ್ಲ.

ಯಾವುದನ್ನು ತರಬೇಕು, ಯಾವುದನ್ನು ಬಿಡಬೇಕು

ಚೊಣಕದ ಬಾಳು ವಿಚಿತ್ರ. ಅದು ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷಗಳ ನಂತರ ಹೆಣ್ಣಾಗುತ್ತದೆ. ಹಾಗಾಗಿ ಅತಿ ದೊಡ್ಡ ಚೊಣಕವೆಂದರೆ ಬಹುತೇಕ ಮೊಟ್ಟೆಯಿಡುವ ತಾಯಿಯೇ. ಗೋಬ್ರೊ ಇದಕ್ಕೆ ತದ್ವಿರುದ್ಧ. ಮೊದಲು ಹೆಣ್ಣು, ದೊಡ್ಡದಾದ ಮೇಲೆ ಗಂಡು. ತಾಮಸೊ ಮರಿಯಾಗಿದ್ದಾಗ ಕಾಂಡ್ಲಾ ನೆರಳಿನಲ್ಲಿ ಬೆಳೆದು, ಬಲಿತ ಮೇಲೆ ಹೊರಗಿನ ಬಂಡೆಗಳಿಗೆ ಹೋಗಿ ಅಲ್ಲಿ ವಂಶ ಬೆಳೆಸುತ್ತದೆ. ಅಳಿವೆಯೊಳಗೆ ಸಿಗುವ ಪುಟ್ಟ ತಾಮಸೊ ಇನ್ನೂ ಒಮ್ಮೆಯೂ ಮೊಟ್ಟೆಯಿಡದ ಮರಿ.

ಈ ಕಾರಣಕ್ಕೆ ತೀರಾ ಚಿಕ್ಕದನ್ನೂ ತೀರಾ ದೊಡ್ಡದನ್ನೂ ಬಿಟ್ಟು, ನಡುವಿನ ಗಾತ್ರದ ಒಂದೆರಡನ್ನು ಊಟಕ್ಕೆ ಇಟ್ಟುಕೊಳ್ಳುವುದು ಒಳ್ಳೆಯ ಪದ್ಧತಿ. ಬಿಡುವುದಾದರೆ ಕೈ ಒದ್ದೆ ಮಾಡಿಕೊಂಡು, ಹೊಟ್ಟೆಯ ಕೆಳಗೆ ಆಧಾರ ಕೊಟ್ಟು, ತಲೆಯನ್ನು ಪ್ರವಾಹಕ್ಕೆ ಎದುರಾಗಿ ಹಿಡಿದು ಅದಾಗಿಯೇ ಈಜುವವರೆಗೆ ಕಾಯಬೇಕು. ಫೋಟೋಗಾಗಿ ಬಿಸಿಲಿನಲ್ಲಿ ಐದು ನಿಮಿಷ ಎತ್ತಿ ಹಿಡಿದು ನಂತರ ನೀರಿಗೆ ಎಸೆದರೆ ಅದು ಬದುಕುವ ಭರವಸೆ ಇಲ್ಲ.

ನೀರಿಗೂ ಯಜಮಾನರಿದ್ದಾರೆ

ಅಳಿವೆ ಯಾರದ್ದೂ ಅಲ್ಲದ ಜಾಗವಲ್ಲ. ಗೋವಾದ ಖಾಜಣ ಗದ್ದೆಗಳಿಗೆ ಒಡ್ಡು ಇದೆ, ಒಡ್ಡಿಗೆ ಮಾನಸ ಎಂಬ ತೂಬಿನ ಬಾಗಿಲಿದೆ. ಕುಮಟಾ ಕಡೆಯ ಗಜನಿ, ಉತ್ತರ ಕೇರಳದ ಕೈಪಾಡ್ ಭೂಮಿ ಕಂಡವರಿಗೆ ಈ ಏರ್ಪಾಡು ಅರ್ಥವಾಗುತ್ತದೆ. ಇಳಿತದ ಹೊತ್ತಿಗೆ ಆ ಬಾಗಿಲಲ್ಲಿ ಮೀನು ರಾಶಿ ಸೇರುವುದು ನಿಜ. ಆದರೆ ಅಲ್ಲಿ ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕುವ ಪದ್ಧತಿ ಇದೆ. ಹಣ ಕೊಟ್ಟು ಹಕ್ಕು ಪಡೆದವರ ಬಾಗಿಲಲ್ಲಿ ಪ್ರವಾಸಿ ಗಾಳ ಬಿಡುವುದು ತಪ್ಪು. ಚೋಡಣ ದ್ವೀಪದ ಸಲೀಂ ಅಲಿ ಪಕ್ಷಿಧಾಮದ ಕಾಲುವೆಗಳಿಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಮಾಂಡೋವಿ ಜುವಾರಿಗಳನ್ನು ಜೋಡಿಸುವ ಕುಂಬಾರಜುವೆ ಕಾಲುವೆಯಲ್ಲಿ ಮೊಸಳೆಗಳಿವೆ. ಅಲ್ಲಿ ಕೈಕಾಲು ನೀರಿಗೆ ಇಳಿಬಿಡಬಾರದು.

ಬಲೆ ಬಿಟ್ಟಿರುವ ಕಡೆ ದೋಣಿ ದೂರದಿಂದ ಸುತ್ತಿ ಹೋಗಬೇಕು. ಯಾಂತ್ರಿಕ ದೋಣಿಗಳ ಎದುರು ತಮ್ಮ ಪಾಲಿಗಾಗಿ ಗೋವಾದ ರಾಂಪಣಕಾರರು, ಅಂದರೆ ದಡದಿಂದ ರಂಪಣಿ ಬಲೆ ಎಳೆಯುವವರು, 1970ರ ದಶಕದಲ್ಲಿ ದೊಡ್ಡ ಹೋರಾಟ ನಡೆಸಿದರು. ಆ ಹೋರಾಟದ ಹಿನ್ನೆಲೆಯಲ್ಲೇ 1980ರಲ್ಲಿ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯಿದೆ ಬಂತು. ಒಬ್ಬರ ಮೋಜು ಇನ್ನೊಬ್ಬರ ಅನ್ನದ ಬಲೆ ಹರಿಯಬಾರದು.

'ಇವತ್ತು ಬೇಡ'

ಎಲ್ಲಕ್ಕಿಂತ ಮುಖ್ಯವಾದದ್ದು ಜೀವ. ಅಳಿವೆಯ ಬಾಯಲ್ಲಿ ಮರಳಿನ ದಿಬ್ಬವಿರುತ್ತದೆ. ಮಾಂಡೋವಿಯ ಬಾಯಿಯ ಆಗ್ವಾದ ದಿಬ್ಬ ಮಳೆಗಾಲದಲ್ಲಿ ಅದಿರಿನ ಬಾರ್ಜುಗಳನ್ನೂ ತಡೆಯುವಂಥದ್ದು. ಇಳಿತದ ನೀರು ಹೊರಕ್ಕೆ, ಕಡಲ ತೆರೆ ಒಳಕ್ಕೆ ಬಂದು ಎದುರಾದರೆ ಅಲ್ಲಿ ತೆರೆ ಗೋಡೆಯಂತೆ ನಿಲ್ಲುತ್ತದೆ. ದಡದಿಂದ ನೋಡಿದವರಿಗೆ ಅದು ಬರೀ ಬಿಳಿ ನೊರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಪ್ರವಾಸದ ಯೋಚನೆಯೇ ಬೇಡ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ.

ದಡ ಹತ್ತಿರವಿದೆ ಎಂಬ ಧೈರ್ಯ ಮೋಸದ್ದು. 2023ರ ಮೇ 7ರಂದು ಕೇರಳದ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ವಿಹಾರ ದೋಣಿ ಮಗುಚಿ 22 ಮಂದಿ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಅದು ಮೀನುಗಾರಿಕೆ ದೋಣಿಯನ್ನೇ ಮಾರ್ಪಡಿಸಿ ಮಾಡಿದ ದೋಣಿ. ಹಿಡಿಯುವುದಕ್ಕಿಂತ ಹೆಚ್ಚು ಜನ ಏರಿದ್ದರು. ಕತ್ತಲಾಗುವ ಹೊತ್ತು. ನಡೆದದ್ದು ನಡುಗಡಲಿನಲ್ಲಲ್ಲ, ದಡದ ಸಮೀಪದ ಅಳಿವೆಯಲ್ಲಿ.

ಆದ್ದರಿಂದ ದೋಣಿ ಹತ್ತುವ ಮೊದಲು ನಾಲ್ಕು ಸಂಗತಿ ಕೇಳಿ ತಿಳಿಯಬೇಕು. ದೋಣಿ ಬಂದರು ಇಲಾಖೆಯಲ್ಲಿ (ಕ್ಯಾಪ್ಟನ್ ಆಫ್ ಪೋರ್ಟ್ಸ್) ಪ್ರಯಾಣಿಕರನ್ನು ಒಯ್ಯಲು ನೋಂದಣಿಯಾಗಿದೆಯೇ? ಎಷ್ಟು ಜನರಿಗೆ ಪರವಾನಗಿ ಇದೆ? ಪ್ರತಿಯೊಬ್ಬರ ಅಳತೆಗೆ, ಮಕ್ಕಳಿಗೂ ಸೇರಿ, ಲೈಫ್ ಜಾಕೆಟ್ ಇದೆಯೇ? ಅಂದಿನ ಹವಾಮಾನ ಮತ್ತು ತೆರೆಯ ಮುನ್ಸೂಚನೆ ಏನು? ಹವಾಮಾನ ಇಲಾಖೆ ಮತ್ತು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ದಿನವೂ ಮುನ್ಸೂಚನೆ ಕೊಡುತ್ತವೆ. ಜಾಕೆಟನ್ನು ಸೀಟಿನ ಕೆಳಗಿಡದೆ ಮೈಮೇಲೆ ಹಾಕಿ, ಕಟ್ಟು ಬಿಗಿಯಬೇಕು. ಎಲ್ಲಿಗೆ ಹೊರಟಿದ್ದೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ದಡದಲ್ಲಿರುವ ಒಬ್ಬರಿಗಾದರೂ ಹೇಳಿರಬೇಕು. ಕಡಲಿನಲ್ಲಿ ಅಪಾಯವಾದರೆ ಕರಾವಳಿ ಕಾವಲು ಪಡೆಯ ದೂರವಾಣಿ 1554, ಸಾಮಾನ್ಯ ತುರ್ತು ಸಂಖ್ಯೆ 112.

ಇಷ್ಟೆಲ್ಲ ಸರಿಯಿದ್ದರೂ ಕೆಲವು ದಿನ ದೋಣಿಯವರು ಬೆಳಿಗ್ಗೆ ನೀರಿನ ಕಡೆ ನೋಡಿ 'ಇವತ್ತು ಬೇಡ' ಎನ್ನುವುದುಂಟು. ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಬಂದವರಿಗೆ ಬೇಸರವಾಗುವುದು ಸಹಜ. ಹೆಚ್ಚು ಹಣದ ಆಸೆ ತೋರಿಸುವವರೂ, ಪಕ್ಕದ ದೋಣಿ ಹೊರಟಿತಲ್ಲ ಎಂದು ವಾದಿಸುವವರೂ ಇದ್ದಾರೆ. ಆ ದಿನದ ದುಡಿಮೆ ಕಳೆದುಕೊಂಡು 'ಬೇಡ' ಎಂದವರೇ ನಂಬತಕ್ಕ ಮಾರ್ಗದರ್ಶಿ. ಅವರ ಹೆಸರು ಬರೆದಿಟ್ಟುಕೊಂಡು ಇನ್ನೊಮ್ಮೆ ಅವರ ಬಳಿಗೇ ಹೋಗುವುದು ಜಾಣತನ. ನೀರು ನಾಳೆಯೂ ಏರುತ್ತದೆ, ಐವತ್ತು ನಿಮಿಷ ತಡವಾಗಿ.